ಆಟೋ ಮುಂದೆ ಕೂತ ಅತ್ತೆ

ಅತ್ತೆ ನೆಲಕ್ಕೆ ಕೂರುವಾಗ ಅವರ ಎರಡೂ ಮಂಡಿ ಲಟಕ್ಕೆನ್ನುತ್ತಿದ್ದವು. ಬನ್ನೂರಿನ ಗದ್ದೆಗಳಲ್ಲಿ ಜೀವಮಾನವೆಲ್ಲ ನಾಟಿ ಹಾಕಿದ ಕಾಲು. "ಕೂತ್ರೆ ಕೂತಂಗೇ ಕಣವ್ವ, ಏಳ್ಸಕ್ಕೆ ಇಬ್ರು ಬೇಕು" ಎಂದು ತಾವೇ ನಗುತ್ತಿದ್ದರು.

ನಾನೂ ಅವರ ಮಗನೂ ಬೇರೆಯಾದಾಗ ಊರ ಯಜಮಾನರು ಭಾರಿ ನ್ಯಾಯ ಹೇಳಿದರು: ಯಾರ ಹೆಸರಿನಲ್ಲಿ ಏನಿದೆಯೋ ಅದು ಅವರಿಗೆ. ಲಗೇಜ್ ಆಟೋ ಗಂಡನ ಹೆಸರಿನಲ್ಲಿತ್ತು. ಅದನ್ನು ಕೊಳ್ಳಲು ಮಹಿಳಾ ಸಂಘದಲ್ಲಿ ತೆಗೆದ ಸಾಲ ನನ್ನ ಹೆಸರಿನಲ್ಲಿತ್ತು.

ನಂಜನಗೂಡಿನ ತವರು ಸೇರಿದರೂ ಬಿಡುಗಡೆಯಾಗಲಿಲ್ಲ. ವಾರವಾರ ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ಬಿಟ್ಟು ಬಂದ ಬೀದಿಗೇ ಹೋಗಿ ಕಂತು ಕಟ್ಟಬೇಕು. ಎಲ್ಲರ ಕಂತೂ ಬರುವವರೆಗೆ ಯಾರೂ ಏಳುವಂತಿಲ್ಲ ಎನ್ನುವುದು ಸಂಘದ ಕಟ್ಟಳೆ. ಒಂದು ವಾರ ನನ್ನ ಕೈ ಬರಿದಾಗಿತ್ತು. ಬಸವನ ಗುಡಿ ಜಗಲಿಯ ಮೇಲೆ ಹೆಂಗಸರೆಲ್ಲ ನನ್ನಿಂದಾಗಿ ಕೂತೇ ಇದ್ದರು. "ನಿನ್ ಗಂಡನ್ ಆಟೋಗೆ ನಮ್ ಒಲೆ ಯಾಕವ್ವ ಆರ್ಬೇಕು?" ಎಂದಳು ಒಬ್ಬಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಅತ್ತೆ ಬಂದರು. "ಎಲ್ಲಾ ಬನ್ರವ್ವ, ಸಂಘನ ನಮ್ಮನೆ ಮುಂದೆ ಮಾಡವ" ಎಂದು ನಮ್ಮನ್ನು ಕರೆದೊಯ್ದರು. ಮಗ ತರಕಾರಿ ಹೇರಿಕೊಂಡು ಹೊರಡುವುದರಲ್ಲಿದ್ದ. ಆಟೋದ ಮುಂದಿನ ಚಕ್ರಕ್ಕೆ ಒರಗಿ ಅತ್ತೆ ಲಟಕ್ಕೆಂದು ಕೂತೇಬಿಟ್ಟರು. ನಾವೂ ಸುತ್ತ ಕೂತೆವು.

"ಏಳವ್ವ, ಮಾರ್ಕೆಟ್‌ಗೆ ಲೇಟಾಯ್ತದೆ!" ಎಂದು ಮಗ ಕೂಗಾಡಿದ.

"ಕಂತು ಬರೋಗಂಟ ಯಾರೂ ಏಳಂಗಿಲ್ಲ ಕಣ್ಲಾ. ಆಟೋ ಓಡ್ಸೋನು ನೀನು, ಸಾಲ ಹೊರೋಳು ಅವಳಾ?"

ಅವನು ಹಲ್ಲು ಕಡಿಯುತ್ತಲೇ ಕಂತು ಕೊಟ್ಟ. ಮುಂದೆ ಪ್ರತಿ ವಾರವೂ ಸಂಘ ಅಲ್ಲೇ ಸೇರಿತು. ಆದರೆ ಮಗ ತಾಯಿಯ ಜತೆ ಮಾತು ಬಿಟ್ಟ. ಅತ್ತೆ ಅದೇ ಮನೆಯ ಹಜಾರದ ಮೂಲೆಯಲ್ಲಿ ಬೇರೆ ಒಲೆ ಹೂಡಿದರು. ಆ ಒಲೆ ಕಂಡು, ನನ್ನ ಜತೆ ಬಂದುಬಿಡಿ ಎಂದು ಗೋಗರೆದೆ.

"ನಾ ಬಂದ್ರೆ ಆಟೋ ಮುಂದೆ ಕೂರೋರ್ಯಾರವ್ವ? ಸಾಲ ತೀರ್ಲಿ, ಬತ್ತೀನಿ."

ಸಾಲ ಇನ್ನೂ ಇರುವಾಗಲೇ, ಸಂಘ ಸೇರುವ ದಿನ ಬೆಳಿಗ್ಗೆ, ಅತ್ತೆ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಮನೆ ಮುಂದೆ, ಆಟೋ ನಿಲ್ಲುವ ಜಾಗದಲ್ಲೇ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರೆಲ್ಲ ಎಂದಿನಂತೆ ಸುತ್ತ ಕೂತಿದ್ದರು. ಮಗ ಒಳಗಿನಿಂದ ಬಂದು, ಯಾರೂ ಕೇಳದಿದ್ದರೂ, ಆ ವಾರದ ಕಂತನ್ನು ತಾಯಿಯ ಮಡಿಲಲ್ಲಿಟ್ಟ.

"ಏಳವ್ವ, ತಂದಿವ್ನಿ. ಏಳು" ಎಂದು ಅವರ ಮಂಡಿ ಹಿಡಿದುಕೊಂಡು ಅತ್ತ.

ಉಳಿದ ಕಂತುಗಳನ್ನು ಅವನೇ ಕಟ್ಟಿದ. ನಾನು ಆ ಬೀದಿಗೆ ಹೋಗುವುದು ತಪ್ಪಿತು. ನನ್ನನ್ನು ಬಿಡಿಸಲೆಂದು ಆ ಮನೆಯಲ್ಲೇ ಸಿಕ್ಕಿಕೊಂಡ ಅತ್ತೆಯನ್ನು ಮಾತ್ರ ನಂಜನಗೂಡಿಗೆ ಕರೆತರಲು ನನ್ನಿಂದ ಆಗಲಿಲ್ಲ.