ಮಾಶಿಮಾ ಕೇಳಿದ ಸಪ್ಪಳ

ಮೊನ್ನೆ ಪಕ್ಕದ ಫ್ಲ್ಯಾಟಿನವರು ಗೋಡೆ ಕೆರೆಸುತ್ತಿದ್ದರು. ಹಸಿ ಸುಣ್ಣದ ವಾಸನೆ ಅಡುಗೆಮನೆಗೆ ಬಂತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ...

ಎಪ್ಪತ್ತರ ದಶಕದ ಆರಂಭ. ಬ್ಯಾಂಕಿನ ನೌಕರಿಯಲ್ಲಿದ್ದ ಗಂಡನ ಜೊತೆ ಕುಂದಾಪುರದಿಂದ ಕಲ್ಕತ್ತೆಗೆ ಬಂದಿದ್ದ ನಾನು ಆರು ತಿಂಗಳ ಬಸುರಿ. ಲೇಕ್ ಮಾರ್ಕೆಟ್ ಹಿಂದಿನ ಓಣಿಯ ಹಳೇ ಮನೆಯಲ್ಲಿ ಕೆಳಗೆ ನಾವು, ಮೇಲೆ ಮನೆಯೊಡತಿ. ಓಣಿಯವರೆಲ್ಲರಂತೆ ನಾನೂ ಅವರನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ನಮ್ಮ ಪಡಸಾಲೆಯ ಓಣಿ ಕಡೆಯ ಗೋಡೆ ಸುಟ್ಟ ಹಪ್ಪಳದಂತೆ ಉಬ್ಬಿತ್ತು. ಬಾಣಂತನಕ್ಕೆ ಅಮ್ಮ ಬರುವುದರೊಳಗೆ ಬಣ್ಣ ಆಗಲೇಬೇಕೆಂದು ನಾನು ಹಟ ಹಿಡಿದೆ.

ಟೊಳ್ಳು ಗಾರೆಯ ಮೇಲೆ ಬಣ್ಣ ನಿಲ್ಲುವುದಿಲ್ಲವೆಂದು ನಾವು ಕರೆಸಿದ ಮುದುಕ ಗಾರೆ ಮಿಸ್ತ್ರಿ ಕರಣೆಯ ಹಿಡಿಯಿಂದ ಗೇಣುಗೇಣಾಗಿ ಗೋಡೆ ತಟ್ಟುತ್ತ ಹೋದ. ಮಾಶಿಮಾ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿ ಬಂದರು. ಕೈಯೆಲ್ಲ ಹಿಟ್ಟು. ಮಿಸ್ತ್ರಿಯನ್ನು ನೋಡಿದರು, ಅವನ ಬೆನ್ನ ಹಿಂದೆಯೂ ನೋಡಿದರು.

ಆಮೇಲೆ ಹೊಸ್ತಿಲಲ್ಲಿ ಕೂತು ಹೇಳಿದರು. ಅವರ ಒಬ್ಬನೇ ಮಗ ಕಾಲೇಜು ಬಿಟ್ಟು ಆಗಿನ ಕ್ರಾಂತಿಕಾರಿ ಚಳವಳಿಗೆ ಸೇರಿದ್ದನಂತೆ. ಪೊಲೀಸರ ಭಯಕ್ಕೆ ಬಾಗಿಲು ಬಡಿಯದೆ, ಓಣಿಯಿಂದ ಇದೇ ಗೋಡೆಯನ್ನು ಮೂರು ಸಲ ತಟ್ಟುತ್ತಿದ್ದನಂತೆ. ಎರಡು ವರ್ಷದಿಂದ ಸುಳಿವಿರಲಿಲ್ಲ.

ಮಿಸ್ತ್ರಿ ಟೊಳ್ಳಾದದ್ದನ್ನು ಕೆತ್ತಿ, ಇಟ್ಟಿಗೆಗೆ ನೀರು ಚಿಮುಕಿಸಿ, ಹೊಸ ಗಾರೆ ಮೆತ್ತಿದ. ಬಣ್ಣ ಮುಗಿಯುವವರೆಗೂ ದಿನಾ ಸಂಜೆ ಹೊರಡುವ ಮೊದಲು ಆ ಗೋಡೆಗೆ ಮೂರು ಸಲ ತಟ್ಟಿ ಹೋಗುತ್ತಿದ್ದ. ಮೇಲೆ ಮಾಶಿಮಾರ ಕಿಟಕಿ ತೆರೆದುಕೊಳ್ಳುತ್ತಿತ್ತು.

ಅವನ ಕೆಲಸ ಮುಗಿದ ಮರುದಿನ ಅವರು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಬಂಗಾಳಿ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು.

“ಇವತ್ತಿನಿಂದ ನೀನು ತಟ್ಟುತ್ತೀಯಾ, ಮಗಳೇ? ನಾನು ಮೇಲಿರುತ್ತೇನೆ.”

ನನಗೆ ಭಯವಾಯಿತು. ಇದ್ದಾನೋ ಇಲ್ಲವೋ ತಿಳಿಯದವನ ಹೆಸರಲ್ಲಿ, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು... ಕೈ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿದೆ. ಗಂಡನೂ, “ಅವ್ರ ಮನೆ ಸುದ್ದಿ ನಮಗ್ಯಾಕೆ ಮಾರಾಯ್ತಿ” ಎಂದರು.

ಆ ಸಂಜೆ ಓಣಿಯ ಕಡೆಯಿಂದ ಮೂರು ಸಲ ತಟ್ಟಿದ ಸಪ್ಪಳ. ಕಿಟಕಿಯಲ್ಲಿ ಇಣುಕಿದೆ. ಮಾಶಿಮಾ! ತಟ್ಟಿದವರೇ ಸೆರಗು ಬಿಗಿದು, ಮಂಡಿ ನೋವಿನ ಕಾಲಲ್ಲಿ ದಡದಡ ಮೆಟ್ಟಿಲು ಹತ್ತಿದರು, ಮೇಲೆ ನಿಂತು ಕೇಳಿಸಿಕೊಳ್ಳಲು. ಅಷ್ಟರಲ್ಲಿ ಸಪ್ಪಳ ಎಲ್ಲಿರುತ್ತದೆ? ಮತ್ತೆ ಇಳಿದರು, ಮತ್ತೆ ತಟ್ಟಿದರು, ಮತ್ತೆ ಹತ್ತಿದರು. ನಾನು ಹೊಟ್ಟೆ ಹಿಡಿದುಕೊಂಡು ಒಳಗೇ ಕೂತಿದ್ದೆ.

ವರ್ಗವಾಗಿ ನಾವು ಊರು ಬಿಟ್ಟೆವು. ಮಾಶಿಮಾ ತೀರಿಹೋದ ಸುದ್ದಿ ಆಮೇಲೆ ಯಾರದೋ ಪತ್ರದಲ್ಲಿ ಬಂತು. ಮಗನ ವಿಷಯ ಅದರಲ್ಲಿರಲಿಲ್ಲ.

ಅಂದು ನನ್ನ ಹೊಟ್ಟೆಯಲ್ಲಿದ್ದವನಿಗೆ ಈಗ ತಲೆ ನರೆತಿದೆ. ದಿನಾ ಸಂಜೆ ಮನೆಗೆ ಬರುತ್ತಾನೆ. ಅವನ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.