ಮೂಲೆಯ ನಾಯಿ

ವಾಡಿಯ ಸಂಘಪಾಲನ ಪೇಂಟಿಂಗ್ ಅಂಗಡಿಗೆ ಮೊದಲ ಸಲ ಹೋದಾಗ ಗತ್ತಿನಿಂದ ಗೋಡೆಗೆ ಒರಗಿ ನಿಂತೆ. ಒರಗಿದ್ದು ಗೋಡೆಗಲ್ಲ, ಆಗಷ್ಟೇ ಬರೆದಿಟ್ಟ ಪಂಕ್ಚರ್ ಅಂಗಡಿಯ ಬೋರ್ಡಿಗೆ. ನನ್ನ ಬಿಳಿ ಅಂಗಿಯ ಬೆನ್ನ ಮೇಲೆ ‘ಗಾಳಿ ಹಾಕಲಾಗುವುದು’ ಎಂಬುದು ಉಲ್ಟಾ ಅಚ್ಚಾಯಿತು. ಸಂಘಪಾಲ ನನ್ನ ಅಂಗಿಯ ಕಡೆ ನೋಡಲೇ ಇಲ್ಲ. ಬೋರ್ಡನ್ನು ಬೆಳಕಿಗೆ ಹಿಡಿದು, “‘ಗು’ ಕೊಂಬು ಹೋಯ್ತು ನೋಡ್ರಿ” ಎಂದು ಕುಂಚ ತೆಗೆದ. ನನ್ನೂರು ಚಿತ್ತಾಪುರದವರೆಗೆ ನಾನು ರೈಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಬಂದೆ.

ನಾನು ಹೋಗಿದ್ದು ಜೊತೆಗಾರನನ್ನು ಹುಡುಕಿಕೊಂಡು. ಶಹಾಬಾದಿನ ಕಲಾವಿದರ ಬಳಗವೊಂದು ಕಾಮಿಕ್ಸ್ ಪಂದ್ಯಾವಳಿ ಇಟ್ಟಿತ್ತು. ಇಬ್ಬಿಬ್ಬರ ಜೋಡಿ, ಒಂದು ವಾರ, ನಾಲ್ಕು ಪುಟದ ಕತೆ, ಸೋತವರು ಮನೆಗೆ. ಫೈನಲ್ ಮುಟ್ಟಿದವರ ಪುಟಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಾರೆ. ನಾನು ಡ್ರಾಯಿಂಗ್ ಮಾಸ್ತರ. ಇಪ್ಪತ್ತೈದು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ್ದರೂ ನನಗೆ ಕೈಬೆರಳು ಬರೆಯಲು ಬರುವುದಿಲ್ಲ, ಹಾಗಾಗಿ ನನ್ನ ಪಾತ್ರಗಳೆಲ್ಲ ಜೇಬಿನಲ್ಲಿ ಕೈಯಿಟ್ಟುಕೊಂಡೇ ಜಗಳಾಡುತ್ತವೆ. ಕತೆ, ಪೆನ್ಸಿಲ್ ನನ್ನದು. ಮಸಿ, ಅಕ್ಷರ ಸಂಘಪಾಲನದು ಎಂದಾಯಿತು.

ಐವತ್ತರ ಹತ್ತಿರದ ಸಂಘಪಾಲ ಹದಿನಾರನೇ ವಯಸ್ಸಿನಿಂದ ಸೇಡಂ, ಚಿಂಚೋಳಿ ಕಡೆಯ ಗೋಡೆಗಳನ್ನೆಲ್ಲ ಬರೆದವನು. ಸುಳ್ಳು ಮಾತ್ರ ಬರೆಯುವುದಿಲ್ಲ. ಚಂದಾಪುರದ ಹಾಲಿನವನಿಗೆ ‘ಹಾಲು’ ಎಂದಷ್ಟೇ ಬರೆದುಕೊಟ್ಟು, ‘ಶುದ್ಧ’ಕ್ಕೆ ಬೇರೆ ಪೇಂಟರನನ್ನು ನೋಡಿಕೊಳ್ಳಲು ಹೇಳಿದ್ದನಂತೆ. ಇಂಥವನು ಪಂದ್ಯಾವಳಿಗೆ ಹೇಗೆ ಒಪ್ಪಿದ ಎಂದು ಕೇಳಿಯೂ ಬಿಟ್ಟೆ.

“ನಾ ಬರದದ್ದೆಲ್ಲಾ ಗ್ವಾಡಿ ಮ್ಯಾಲ ಅದರಿ ಸರ್. ಸುಣ್ಣಾ ಹೊಡದ್ರ ಮುಗೀತು. ಪುಸ್ತಕಕ್ಕ ಯಾರ್ ಸುಣ್ಣಾ ಹೊಡಿತಾರ?”

ಕೇಳಬಾರದಿತ್ತು. ಅಲ್ಲಿಯತನಕ ಇದು ನನಗೆ ಶೋಕಿಯಾಗಿತ್ತು. ಆಮೇಲೆ ಪೆನ್ಸಿಲಿಗಿಂತ ರಬ್ಬರೇ ಬೇಗ ಸವೆಯತೊಡಗಿತು.

ಹೇಗೋ ಎರಡು ಸುತ್ತು ದಾಟಿದೆವು. ಸೆಮಿಫೈನಲ್‌ನಲ್ಲಿ ಎದುರಾದವರು ಸೇಡಂನ ಕಾಲೇಜು ಹುಡುಗಿಯರು, ಅಲ್ಮಾಸ್ ಮತ್ತು ಶಿವಗಂಗಾ. ಅವರು ಬರೆದ ಕೈಗಳಿಗೆ ಐದೈದು ಬೆರಳಿದ್ದವು. ಪುಟ ಒಪ್ಪಿಸಲು ಸಂಜೆ ಐದರ ಗಡುವು. ಹತ್ತಿಪ್ಪತ್ತು ನಿಮಿಷ ಇರುವಾಗ ಶಹಾಬಾದಿನ ಸಭಾಂಗಣದ ವರಾಂಡದಲ್ಲಿ ಸುಮ್ಮನೆ ಇನ್ನೊಮ್ಮೆ ಪುಟ ತಿರುವಿದೆ. ನಾಲ್ಕೂ ಪುಟಗಳ ಬಲಮೂಲೆಯಲ್ಲಿ ಪುಟ್ಟ, ಚೆಂದದ ಅಕ್ಷರ: ‘ಸಂಘಪಾಲ ಆರ್ಟ್ಸ್, ವಾಡಿ’. ಕೆಳಗೆ ಮೊಬೈಲ್ ನಂಬರು.

ಪುಟದ ಮೇಲೆ ಹೆಸರು ಕಂಡರೆ ಜೋಡಿ ಔಟ್ ಎಂಬುದು ಪಂದ್ಯಾವಳಿಯ ಮೊದಲ ನಿಯಮ. ಹಿಂದಿನ ಸುತ್ತುಗಳಲ್ಲಿ ನಾನು ಪಕ್ಕದಲ್ಲೇ ಕೂತು ಮಸಿ ಆರುವ ಮೊದಲೇ ಪುಟ ಕಸಿದುಕೊಳ್ಳುತ್ತಿದ್ದೆ. ಈ ಸಲ ಅವನೊಬ್ಬನೇ ಮುಗಿಸಿದ್ದ. ಮೂಲೆಯಲ್ಲಿ ಹೆಸರು, ನಂಬರು ಹಾಕದೆ ಕುಂಚ ಕೆಳಗಿಟ್ಟು ಅವನ ಕೈಗೆ ಗೊತ್ತೇ ಇರಲಿಲ್ಲ.

ಬ್ಲೇಡಿನಿಂದ ಕೆರೆದರೆ ಕಾಗದ ಹರಿಯುತ್ತದೆ, ಬಿಳಿ ಬಳಿದರೆ ಎದ್ದು ಕಾಣುತ್ತದೆ ಎಂದು ನಾನು ತೊದಲುವಷ್ಟರಲ್ಲಿ ಅವನು ಚೀಲದಿಂದ ಮಸಿ ತೆಗೆದು, ಪ್ರತಿ ಹೆಸರಿನ ಮೇಲೂ ಒಂದೊಂದು ಕರಿ ನಾಯಿಯನ್ನು ಮಲಗಿಸಿದ. ನಾಲ್ಕು ನಾಯಿ, ಒಂಬತ್ತು ನಿಮಿಷ. ನಾನು ಊದಿ ಊದಿ ಒಣಗಿಸಿದೆ. ತಲೆ ಸುತ್ತಿ ಕಟ್ಟೆಯ ಮೇಲೆ ಕೂತೆ. ಪುಟ ಒಪ್ಪಿಸಿ ಬಂದವನು ಅವನೇ.

ಮರುವಾರ ಫಲಿತಾಂಶ. ಒಂದೇ ಒಂದು ಅಂಕದಿಂದ ನಾವು ಮುಂದಿದ್ದೆವು. ತೀರ್ಪುಗಾರರಾದ ರತ್ನಾಬಾಯಿಯವರು ಸಹಿ ಮಾಡಲು ಪೆನ್ನು ತೆರೆದವರು, ಹಾಗೇ ನಿಂತು ನಮ್ಮ ಪುಟಗಳನ್ನು ಮತ್ತೆ ಎತ್ತಿಕೊಂಡರು. ಮೂಗಿನ ಹತ್ತಿರ ತಂದರು. ಆ ನಾಯಿ ತಮ್ಮನ್ನು ಭಾಳ ಕಾಡಿದೆ ಎಂದರು. ಸಮಾಜದ ನಿದ್ದೆ, ಕಾವಲಿನವರ ಮರೆವು ಎಂದು ನಾನೇನೋ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಅವರು ಕೇಳಿದ್ದು ಸಂಘಪಾಲನನ್ನು.

“ಕತಿಯೊಳಗ ಇಷ್ಟು ಜಗಳ ನಡದಾದ, ಈ ನಾಯಿ ಒಮ್ಮಿನೂ ಏಳಂಗಿಲ್ಲಲ್ಲಪ್ಪಾ, ಯಾಕ?”

ಸಂಘಪಾಲ ಪುಟ ನೋಡಿದ. ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ.

“ಎದ್ದರ ಕೆಳಗಿಂದು ಕಾಣಸ್ತದರಿ, ಮೇಡಂ.”