ಅಕ್ಕನ ಓಟಕ್ಕೆ ಅಪ್ಪನ ಅಡ್ಡಗಾಲು

ನನಗೆ ಓಡಲು ಬರುವುದಿಲ್ಲ, ಓಡುವವರ ಹಾಗೆ ಆಡಿ ತೋರಿಸಲು ಬರುತ್ತದೆ. ನಮ್ಮ ಹೈಸ್ಕೂಲಿನ ಪಿಟಿ ಮೇಷ್ಟ್ರು ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಸೀಟಿ ಊದುತ್ತಾ ಬರುವುದು, ನಮ್ಮಪ್ಪ ಹೊರಟುಬಿಟ್ಟ ಬಸ್ಸಿನ ಹಿಂದೆ ಪಂಚೆ ಎತ್ತಿ ಹಿಡಿದು ಕಂಡಕ್ಟರನ ವಂಶವನ್ನೆಲ್ಲ ನೆನೆಯುತ್ತಾ ಓಡುವುದು, ನಾನೇ ನಾಯಿಗೆ ಹೆದರಿ ಒಂದು ಚಪ್ಪಲಿ ಬಿಟ್ಟು ಓಡುವುದು, ಇವನ್ನೆಲ್ಲ ಅರಳಿಕಟ್ಟೆಯ ಮುಂದೆ ಮಾಡಿ ತೋರಿಸಿ ಟೀ ಗಿಟ್ಟಿಸುತ್ತಿದ್ದೆ. ಮನೆಯಲ್ಲಿ ನಿಜವಾಗಿ ಓಡುತ್ತಿದ್ದವಳು ನನ್ನ ಅಕ್ಕ.

ಮಾಗಡಿ ಸೀಮೆಯ ಕಲ್ಯದಿಂದ ಒಂದಿಷ್ಟು ಆಚೆಗೆ, ಕಾಡಂಚಿನಲ್ಲಿ ನಮ್ಮೂರು. ಹೊಲ ಮುಗಿದಲ್ಲಿ ಕುರುಚಲು, ಕುರುಚಲು ಮುಗಿದಲ್ಲಿ ಬಂಡೆ, ಬಂಡೆಯ ಸಂದಿಯಲ್ಲಿ ಕರಡಿ. ಅಕ್ಕ ಬೆಳಗಿನ ಜಾವ ಎದ್ದು, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರುವ ಮೊದಲು ಕಾಡಿನ ಕಾಲುದಾರಿಯಲ್ಲಿ ಬಂಡೆಯವರೆಗೆ ಓಡಿ ಬರುತ್ತಿದ್ದಳು. ಮೊದಮೊದಲು ಎದುರಿಗೆ ಸಿಕ್ಕ ಹೆಂಗಸರು ಗಾಬರಿಯಿಂದ, ಯಾರವ್ವ ಅಟ್ಟಿಸಿಕೊಂಡು ಬರುತ್ತಿರುವುದು ಎಂದು ಅವಳ ಹಿಂದೆ ಇಣುಕಿ ನೋಡುತ್ತಿದ್ದರಂತೆ. ಯಾರೂ ಇಲ್ಲದ್ದು ಕಂಡು ಇನ್ನೂ ಹೆಚ್ಚು ಗಾಬರಿಯಾಗುತ್ತಿದ್ದರಂತೆ.

ಬಿಡದಿ ಕಡೆ ಕಾರ್ಖಾನೆಯ ಮಗ್ಗುಲಿಗೆ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ದಿನಾ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ನಮ್ಮೂರ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಪಿಯುಸಿ ಮುಗಿಸಿದ್ದಳು. ಮೈಸೂರಿನಲ್ಲಿ ಸಿಪಿಎಡ್ ಮಾಡಿ ಪಿಟಿ ಟೀಚರ್ ಆಗಬೇಕೆಂಬುದು ಅವಳ ಹಟ, ಅವಳು ಆ ಬಸ್ಸು ಹತ್ತಬೇಕೆಂಬುದು ಅಪ್ಪನ ಹಟ. ಓಡಿದರೆ ಹೊಟ್ಟೆ ಹಸಿಯುತ್ತದೆಯೇ ಹೊರತು ತುಂಬುವುದಿಲ್ಲ ಎನ್ನುವುದು ಅಪ್ಪನ ಸಿದ್ಧಾಂತ. ಅಡ್ಮಿಷನ್ನಿಗೆ ಇನ್ನು ಕೆಲವೇ ದಿನ ಉಳಿದಿದ್ದವು.

ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ಗುಂಪು ನಮ್ಮ ಕಾಡಿನಲ್ಲಿ ರೇಸ್ ಮಾಡುತ್ತೇವೆಂದು ಬಂತು. ಮಾಗಡಿ ಕಡೆಯಿಂದ ಕಾಡಂಚಿನವರೆಗೆ ಸೈಕಲ್, ಅಲ್ಲಿಂದ ಕಾಡೊಳಗೆ ಓಟ, ಕೊನೆಗೆ ಬಂಡೆ ಹತ್ತುವುದು. ಇಬ್ಬಿಬ್ಬರ ಜೋಡಿ, ಜೋಡಿಯಲ್ಲಿ ಒಬ್ಬರು ಹೆಂಗಸು. ಸುದ್ದಿ ಕೇಳಿದ ಅಕ್ಕ ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ ಕುಳಿತು ಕೇಳಿಯೇಬಿಟ್ಟಳು. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸದೆ ಹೇಳಿದ:

"ಮೊದ್ಲ ಮೂರು ಜೋಡೀಲಿ ನಿಂದೊಂದು ಬರ್ಲಿ, ಮೈಸೂರಿಗೆ ಕಳುಸ್ತೀನಿ. ಬರ್ನಿಲ್ಲ ಅಂದ್ರೆ ಸೋಮವಾರ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಆಗ ಅಳಂಗಿಲ್ಲ."

"ನಾನ್ ಅಳಾಕಿಲ್ಲ. ನೀನು ಮಾತ್ ತಪ್ಪಂಗಿಲ್ಲ," ಎಂದಳು ಅಕ್ಕ.

ಜೋಡಿಗೆ ನಾನು. ಬೇರೆ ಯಾರೂ ಸಿಗಲಿಲ್ಲ ಎಂಬುದನ್ನು ಅಕ್ಕ ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ.

ರೇಸಿನ ಹಿಂದಿನ ದಿನ ಅಪ್ಪ ರೇಷ್ಮೆ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದ. ಇತ್ತ ರೇಸಿನ ಮುಖ್ಯಸ್ಥ, ಕಣ್ಣಿಗೊಂದು ತಲೆಗೊಂದು ಕನ್ನಡಕ ಹಾಕಿಕೊಂಡಿದ್ದ ಮನುಷ್ಯ, ನನ್ನನ್ನು ದಾರಿ ತೋರಿಸಲು ಕರೆದುಕೊಂಡು ಹೋದ. ನಮ್ಮ ಹೊಲದ ಬದುವಿನಿಂದ ಹಿಡಿದು ಬಂಡೆಯ ಬುಡದವರೆಗೆ ಗಿಡಗಿಡಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿದೆವು. ಅವನು ಮಾತಿಗೊಮ್ಮೆ ಎರಡೂ ಕೈ ಎತ್ತಿ "ಗಾಯ್ಸ್, ಗಾಯ್ಸ್, ಸೇಫ್ಟಿ ಫಸ್ಟ್" ಎನ್ನುತ್ತಿದ್ದ. ಸುತ್ತ ನಾನೊಬ್ಬನೇ ಇದ್ದರೂ ಗಾಯ್ಸ್. ಸಂಜೆಯೊಳಗೆ ಅವನ ದನಿ ನನ್ನ ಗಂಟಲಿಗೆ ಇಳಿದಿತ್ತು. ರಾತ್ರಿ ಅಕ್ಕನ ಮುಂದೆ ಮಾಡಿ ತೋರಿಸಿದೆ. ಅವಳು ನಗಲಿಲ್ಲ, ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಳು.

ಬೆಳಿಗ್ಗೆ ರೇಸ್ ಶುರುವಾದಾಗ ನಮ್ಮ ಮಾನ ಹೋಯಿತು. ಬೆಂಗಳೂರಿನವರದು ಗೇರ್ ಸೈಕಲ್ಲುಗಳು, ಏರಿನಲ್ಲಿ ಸದ್ದಿಲ್ಲದೆ ಹೋಗುತ್ತಿದ್ದವು. ನನ್ನದು ಅಪ್ಪನ ಸೈಕಲ್ಲು, ಹಾಲಿನ ಕ್ಯಾನು ಹೊತ್ತು ಹೊತ್ತು ಕ್ಯಾರಿಯರ್ ಬಗ್ಗಿದ್ದು. ಅದರ ಸದ್ದಿಗೆ ಹಾದಿಯ ಎಮ್ಮೆಗಳು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು. ಅಕ್ಕನದು ಪಕ್ಕದ ಮನೆಯ ಹುಡುಗಿಯ ಲೇಡೀಸ್ ಸೈಕಲ್ಲು, ಮುಂದೆ ಬುಟ್ಟಿ ಬೇರೆ. ಕಾಡಂಚಿನಲ್ಲಿ ಸೈಕಲ್ ಬಿಡುವ ಹೊತ್ತಿಗೆ ನಮ್ಮ ಹಿಂದೆ ಇದ್ದದ್ದು ನಾವು ಎಬ್ಬಿಸಿದ ಧೂಳು ಮಾತ್ರ.

"ಓಟದಲ್ಲಿ ಹಿಡಿತೀನಿ. ನೀನು ಒಸಿ ಬಾಯ್ ಮುಚ್ಕೊಂಡು ಬಾ, ಉಸಿರು ಉಳಿತದೆ," ಎಂದು ಅಕ್ಕ ಓಡಿದಳು.

ಹೊಲದ ಬದು ದಾಟಿದೆವು. ರಿಬ್ಬನ್ ಇಲ್ಲ. ನಾನೇ ನನ್ನ ಕೈಯಾರೆ ಕಟ್ಟಿದ ಹೊಂಗೆಮರದಲ್ಲಿ ಇಲ್ಲ, ಅದರ ಮುಂದಿನ ಕಾರೆಗಿಡದಲ್ಲೂ ಇಲ್ಲ. ದಾರಿ ನನಗೆ ಗೊತ್ತಿತ್ತು, ರಿಬ್ಬನ್ ಬೇಕಾಗಿರಲಿಲ್ಲ. ಆದರೆ ಮುಂದೆ ಹೋದವರಿಗೆ? ಕವಲು ಹಾದಿಯ ಹತ್ತಿರ ಬಂದಾಗ ಉತ್ತರ ಸಿಕ್ಕಿತು. ಎಡಕ್ಕಿದ್ದ ಹಳ್ಳದ ಪೊದೆಯೊಳಗಿಂದ ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ ಜನ ಕೂಗುತ್ತಿದ್ದರು. ರೇಸಿನ ಜನವೆಲ್ಲ ಅಲ್ಲಿದ್ದಂತಿತ್ತು. ನಮ್ಮ ದಾರಿ ಬಲಕ್ಕೆ, ನೆಟ್ಟಗೆ, ಖಾಲಿಯಾಗಿ, ಬಂಡೆಯ ಕಡೆಗೆ.

"ಅಕ್ಕಾ, ಮೂರನೇದಲ್ಲ, ನಾವೇ ಫಸ್ಟು. ನಡಿ," ಎಂದೆ.

ಅಕ್ಕ ಬಂಡೆಯ ಕಡೆ ನೋಡಿದಳು. ಮೈಸೂರು ಅಲ್ಲೇ, ಕೂಗಳತೆಯಲ್ಲಿತ್ತು. ಹಳ್ಳದ ಕಡೆ ನೋಡಿದಳು. ಕರಡಿ ಮಲಗುವ ಜಾಗ ಅದು, ಹಗಲಲ್ಲೂ ನಮ್ಮೂರಿನವರು ಅಲ್ಲಿಗೆ ಇಳಿಯುವುದಿಲ್ಲ.

"ಥೂ ಇವರ," ಎಂದಳು. ಎಡಕ್ಕೆ ತಿರುಗಿದಳು.

ಹಳ್ಳದ ದಂಡೆಯಲ್ಲಿ ನಿಂತು ಅಕ್ಕ ಕೂಗಿದಳು, ಮೇಲಕ್ಕೆ ಬನ್ನಿ, ಅಲ್ಲಿ ಕರಡಿ ಐತೆ ಎಂದು. ಒಳಗಿನ ಸದ್ದು ಥಟ್ಟನೆ ನಿಂತಿತು. ಯಾರೂ ಬರಲಿಲ್ಲ. ಮತ್ತೆ ಕೂಗಿದರೆ ಇನ್ನೂ ದೂರಕ್ಕೆ ಸರಿದ ಸದ್ದು. ನಮಗೆ ಆಮೇಲೆ ತಿಳಿಯಿತು, ಸ್ವಲ್ಪ ಹೊತ್ತಿನ ಮುಂಚೆ ದೊಣ್ಣೆ ಹಿಡಿದ ಹಳ್ಳಿಯವರು ಕೂಗುತ್ತಾ ಬೆನ್ನಟ್ಟಿದ್ದರಿಂದಲೇ ಅವರೆಲ್ಲ ಹಳ್ಳಕ್ಕೆ ಇಳಿದಿದ್ದರಂತೆ. ಹಳ್ಳಿಯ ದನಿ ಕೇಳಿದರೆ ಸಾಕು, ಪೊದೆಯೊಳಗೆ ಇನ್ನಷ್ಟು ಹುದುಗುತ್ತಿದ್ದರು.

ಆಗ ನಾನು ಎರಡೂ ಕೈ ಎತ್ತಿದೆ. ಪೊದೆಯ ಹಿಂದಿದ್ದವರಿಗೆ ಕೈ ಕಾಣುವುದಿಲ್ಲ, ಆದರೆ ಕೈ ಎತ್ತದಿದ್ದರೆ ನನಗೆ ಆ ದನಿ ಬರುವುದಿಲ್ಲ.

"ಗಾಯ್ಸ್, ಗಾಯ್ಸ್, ಸೇಫ್ಟಿ ಫಸ್ಟ್. ಎಲ್ರೂ ಮೇಲ್ಗಡೆ ಬನ್ನಿ ಪ್ಲೀಸ್."

ಬಂದರು. ಒಬ್ಬರ ಹಿಂದೆ ಒಬ್ಬರು, ತಲೆಯಲ್ಲಿ ಎಲೆ, ಮೊಣಕಾಲಿಗೆ ಮುಳ್ಳು, ಮುಖದಲ್ಲಿ ಹೋದ ಜೀವ ಬಂದ ಕಳೆ. ಮುಖ್ಯಸ್ಥನನ್ನು ಹುಡುಕಿದರು. ಅವನು ಇರಲಿಲ್ಲ, ಕೈ ಎತ್ತಿಕೊಂಡು ನಾನಿದ್ದೆ. ಅಕ್ಕ ಅವರನ್ನೆಲ್ಲ ಸಾಲು ಹಿಡಿಸಿ, ಯಾರೂ ಸಾಲು ಬಿಡಬಾರದೆಂದು ಗದರಿ, ಬಂಡೆಯ ಕಡೆ ಹೊರಡಿಸಿದಳು. ದೊಡ್ಡ ದೊಡ್ಡ ಕಂಪನಿಯ ಮ್ಯಾನೇಜರುಗಳು ಅವಳ ಹಿಂದೆ ಒಂದನೇ ತರಗತಿಯ ಮಕ್ಕಳ ಹಾಗೆ ಬರುತ್ತಿದ್ದರು.

ಬಂಡೆಯ ಬುಡದಲ್ಲಿ ಹಾದಿಗೆ ಅಡ್ಡಲಾಗಿ ಅಪ್ಪ ನಿಂತಿದ್ದ. ಜೊತೆಗೆ ಊರಿನ ಮೂರು ನಾಲ್ಕು ಜನ. ಅಪ್ಪನ ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಸೊಪ್ಪಿನ ಹೊರೆಯ ಹಾಗೆ ಒತ್ತಿ ಹಿಡಿದ ಕಿತ್ತಳೆ ರಿಬ್ಬನ್ನು. ಬೆಳಿಗ್ಗೆ ಹೊಲಕ್ಕೆ ಬಂದವನು ತನ್ನ ಬದುವಿನ ಮರದಲ್ಲಿ ರಿಬ್ಬನ್ ನೋಡಿದ್ದ. ಬಿಡದಿ ಕಡೆ ನಮ್ಮ ನೆಂಟರ ಹೊಲಕ್ಕೆ ಮೊದಲು ಬಂದಿದ್ದೂ ಹೀಗೇ ಗುರುತು ಹಾಕುವ ಸರ್ವೆಯವರು, ಆಮೇಲೆ ಬಂದಿದ್ದು ಕಾರ್ಖಾನೆಯ ಕಾಂಪೌಂಡು. ಅಪ್ಪನಿಗೆ ಇನ್ನೇನು ಬೇಕು? ಕಂಡ ರಿಬ್ಬನ್ನನ್ನೆಲ್ಲ ಕಿತ್ತು, ಹಿಂದೆಯೇ ಬಂದ ಚಡ್ಡಿಯವರನ್ನೆಲ್ಲ ಸರ್ವೆಯವರೆಂದು ಅಟ್ಟಿಸಿಕೊಂಡು ಹೋಗಿದ್ದ. ರೇಸ್ ಮಾಗಡಿ ಹತ್ತಿರ ಎಂದಷ್ಟೇ ನಾವು ಮನೆಯಲ್ಲಿ ಹೇಳಿದ್ದೆವು.

ಅಪ್ಪ ಸಾಲನ್ನು ನೋಡಿದ, ಸಾಲಿನ ಮುಂದಿದ್ದ ಮಗಳನ್ನು ನೋಡಿದ.

"ಸರ್ವೆಯವ್ರ ಜೊತೆ ಸೇರ್ಕೊಂಡ್ಯೇನವ್ವಾ?"

"ಇವ್ರು ಸರ್ವೆಯವ್ರಲ್ಲ ಕಣಪ್ಪ. ನಾನು ಓಡ್ಬೇಕಾಗಿದ್ದು ಇವ್ರ ಜೊತೇಲೇಯ."

ಅಪ್ಪ ಕೈಯಲ್ಲಿದ್ದ ಹೊರೆಯನ್ನು ನೋಡಿಕೊಂಡ. ಅದನ್ನು ಎಲ್ಲಿ ಇಡುವುದೆಂದು ತೋಚದೆ ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ನಿಜವಾದ ಮುಖ್ಯಸ್ಥ ಏದುಸಿರು ಬಿಡುತ್ತಾ ಬಂದು, ಇವತ್ತು ಯಾರಿಗೂ ಸ್ಥಾನವಿಲ್ಲ, ರೇಸ್ ರದ್ದು ಎಂದ. ಅವನು ಮೊದಲ ಸಲ "ಗಾಯ್ಸ್" ಎಂದಾಗ ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಸೈಕಲ್ ತಳ್ಳಿಕೊಂಡು ಮನೆಗೆ ಬಂದೆವು. ಮೊದಲ ಮೂರು ಎನ್ನುವುದೇ ಇಲ್ಲವಾಗಿತ್ತು. ಅಕ್ಕ ಅಳಲಿಲ್ಲ, ಅಳಬಾರದೆಂದು ಮಾತಾಗಿತ್ತಲ್ಲ. ಆದರೆ ಸಂಜೆ ಹುಳುವಿಗೆ ಸೊಪ್ಪು ಹಾಕುವಾಗ ಹೇಳಿದಳು, "ನಾಳೆ ಬಸ್ಸು ಹತ್ತಾಕಿಲ್ಲ. ನಾನ್ ಸೋತಿಲ್ಲ."

"ಗೆದ್ದೂ ಇಲ್ಲ," ಎಂದ ಅಪ್ಪ. ದನಿಯಲ್ಲಿ ಎಂದಿನ ಬಲವಿರಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಗಾರ್ಮೆಂಟ್ಸ್ ಬಸ್ಸಿನ ಹಾರ್ನ್ ಕೇಳಿತು. ಅಪ್ಪ ಪಂಚೆ ಮೇಲಕ್ಕೆ ಕಟ್ಟಿ, ಸೈಕಲ್ ಅಂಗಳಕ್ಕೆ ತಂದ.

"ನನ್ ಕಣ್ಮುಂದೆ ಓಡು. ನಾನು ಸೈಕಲ್ ಮೇಲೆ ಬತ್ತೀನಿ. ನನಗಿಂತ ಮುಂಚೆ ಬಂಡೆ ಮುಟ್ಟಿದ್ರೆ ಮೈಸೂರಿಗೆ ಹೋಗು, ಮುಗೀತು."

ಸಾಕ್ಷಿ ಬೇಕೆಂದು ನಾನು ಕ್ಯಾರಿಯರ್ ಹತ್ತಿ ಕುಳಿತೆ. ಅಪ್ಪ ಇಳಿ ಅನ್ನಲಿಲ್ಲ, ಮರ್ಯಾದೆಯ ಪ್ರಶ್ನೆ. ಹೊಲದವರೆಗೆ ನಾವು ಅಕ್ಕನ ಸಮಕ್ಕೇ ಇದ್ದೆವು. ಕಾಡಿನ ಏರು ಶುರುವಾದದ್ದೇ ಅಪ್ಪ ಎದ್ದು ನಿಂತು ತುಳಿಯತೊಡಗಿದ. ಅಕ್ಕ ತಿರುಗಿ ನೋಡಲಿಲ್ಲ. ಕಲ್ಲಿನಿಂದ ಕಲ್ಲಿಗೆ ಪಾದ ಊರಿದ್ದೇ ಕಾಣದ ಹಾಗೆ ಹೋಗಿ, ಬಿದಿರ ಮೆಳೆಯಾಚೆ ಮರೆಯಾದಳು. ಅಪ್ಪ ಇಳಿದು ಸೈಕಲ್ ತಳ್ಳಿದ, ಆಮೇಲೆ ಸೈಕಲ್ ನನ್ನ ಕೈಗೆ ಕೊಟ್ಟು ನಡೆದ, ಆಮೇಲೆ ಒಂದು ಕಲ್ಲಿನ ಮೇಲೆ ಕುಳಿತೇಬಿಟ್ಟ. ಮಗಳು ಓಡುವುದನ್ನು ಅವನು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ, ಕೇಳಿದ್ದ ಅಷ್ಟೆ.

ಮೇಲೆ ಬಂಡೆಯ ನೆತ್ತಿಯಲ್ಲಿ ಅಕ್ಕ ಕಂಡಳು. ಚಿಕ್ಕದಾಗಿ, ಸೊಂಟಕ್ಕೆ ಕೈಯಿಟ್ಟು. ಮುಟ್ಟುವುದು ಬುಡವೋ ನೆತ್ತಿಯೋ ಅಪ್ಪ ಹೇಳಿರಲಿಲ್ಲ. ಯಾವುದಕ್ಕೂ ಇರಲಿ ಎಂದು ನೆತ್ತಿಗೇ ಹತ್ತಿದ್ದಳು.

ಅಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡು ಬಹಳ ಹೊತ್ತು ಮೇಲೆ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ:

"ಮೈಸೂರಲ್ಲೂ ಬೆಟ್ಟ ಐತಲ್ವೇನ್ಲಾ?"

"ಐತೆ ಕಣಪ್ಪ. ದೊಡ್ಡದೇ ಐತೆ."

"ಹಂಗಾರೆ ಓಡ್ಕೊಂಡಿರ್ತಾಳೆ ಬುಡು," ಎಂದು ಅಪ್ಪ ಎದ್ದು, ಇಳಿಜಾರಿನಲ್ಲಿ ಸೈಕಲ್ ಹತ್ತಿ, ಅಡ್ಮಿಷನ್ನಿನ ವಿಚಾರ ಕೇಳಿಕೊಂಡು ಬರಲು ಮಾಗಡಿ ಕಡೆ ಹೊರಟೇಬಿಟ್ಟ. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.